ಲಕ್ಷ ವರ್ಷದ ಬಿಲ್ಲೆ

ಕೆಳಮನೆಯ ದರ್ಜಿ ಸುಮ್ಮನೆ ತಲೆಯಾಡಿಸಿ ಹೋಗಿದ್ದರೆ ಆ ದಿನ ಏನೂ ಆಗುತ್ತಿರಲಿಲ್ಲ. ಆದರೆ ಅವನು "ಹೌದಾ" ಅಂದ. ಬರೀ ಬಾಯಲ್ಲಿ ಅಂದಿದ್ದರೂ ಸಹಿಸಬಹುದಿತ್ತು. ಎಡಗಡೆಯ ಹುಬ್ಬನ್ನು ಹಣೆಯ ಅರ್ಧದವರೆಗೆ ಎತ್ತಿ ಅಂದ. ಆ ಹುಬ್ಬು ಮತ್ತೆ ಕೆಳಗಿಳಿಯುವುದರೊಳಗೆ ಒಲೆರಾಯನ ಬಿಲ್ಲೆ ಎರಡು ಹೋಳಾಗಿತ್ತು.

ಒಲೆರಾಯ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಊರ ಹೊರಗಿನ ಸಂಶೋಧನಾಲಯದಲ್ಲಿ ಭಟ್ಟಿ ಕಾಯುವ ಕೆಲಸ ಹಿಡಿದಂದಿನಿಂದ ಅಂಟಿಕೊಂಡದ್ದು. ರಾಯ ಅನ್ನುವ ಮಾತಿಗೆ ತಕ್ಕ ಸಿಂಹಾಸನವೂ ಇತ್ತು: ಬೆನ್ನಿಲ್ಲದ ಒಂದು ಕಬ್ಬಿಣದ ಸ್ಟೂಲು. ಅದರ ಮೇಲೆ ಕೂತು, ಭಟ್ಟಿಯ ಕಿಂಡಿಯಲ್ಲಿ ಕಾಣುವ ಕೆಂಪನ್ನು ನೋಡುತ್ತ, ಅನಿಲದ ತಿರುಪನ್ನು ಹಿಂದೆ ಮುಂದೆ ತಿರುಗಿಸುತ್ತ, ಅವನು ಹರೆಯವನ್ನೆಲ್ಲ ಬೇಯಿಸಿ ಮುಗಿಸಿದ್ದ.

ಆ ಭಟ್ಟಿಯಲ್ಲಿ ಬೇಯುತ್ತಿದ್ದುದು ಗಡಿಗೆ ಮಡಕೆಯಲ್ಲ. ಅಣುಶಕ್ತಿ ಕೇಂದ್ರಗಳಲ್ಲಿ ಇಂಧನ ಉರಿದು ಮುಗಿದ ಮೇಲೆ ಉಳಿಯುವ ಕಸ ಸಾಮಾನ್ಯ ಬೂದಿಯಂತಲ್ಲ. ಪಾತ್ರೆ ತಿಕ್ಕುವುದಕ್ಕೆ ಬರುವುದಿಲ್ಲ, ಗಿಡದ ಬುಡಕ್ಕೆ ಹಾಕುವಂತಿಲ್ಲ. ಅದರ ವಿಕಿರಣ ತಣಿಯಲು ಲಕ್ಷ ವರ್ಷ ಬೇಕು. ಅಲ್ಲಿಯವರೆಗೆ ಅದನ್ನು ಯಾರ ಮಡಿಲಿಗೆ ಹಾಕಿ ನೆಮ್ಮದಿಯಾಗಿರುವುದು ಎಂದು ದೊಡ್ಡವರು ತಲೆ ಕೆಡಿಸಿಕೊಂಡಿದ್ದರು. ಬೆಟ್ಟದೊಳಗಿನ ಕೆಲವು ಕಲ್ಲುಗಳು ಇಂಥದೇ ವಿಷವನ್ನು ಯುಗಯುಗಗಳಿಂದ ಹೊಟ್ಟೆಯಲ್ಲಿಟ್ಟುಕೊಂಡು, ಮಳೆ ಬಂದರೂ ಬಿಸಿಲು ಕಾದರೂ ತುಟಿ ಬಿಚ್ಚದೆ ಕೂತಿವೆ. ಅಂಥ ಕಲ್ಲನ್ನು ನಾವೇ ಬೇಯಿಸಿ ಮಾಡಿದರೇನು ಎಂದು ಹೊರಟಿತ್ತು ಸಂಶೋಧನಾಲಯ. ಕಸವನ್ನು ಬೇರೆ ಬೇರೆ ಖನಿಜದ ಪುಡಿಗಳ ಜೊತೆ ಕಲಸಿ, ಅಚ್ಚಿನಲ್ಲಿ ಒತ್ತಿ, ಭಟ್ಟಿಯಲ್ಲಿ ಸುಟ್ಟರೆ ಅಂಗೈಯಗಲದ ಕಪ್ಪು ಪಿಂಗಾಣಿ ಬಿಲ್ಲೆಯಾಗುತ್ತದೆ. ವಿಷದ ಒಂದೊಂದು ಕಣವೂ ಹರಳಿನೊಳಗಿನ ಒಂದೊಂದು ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡುಬಿಡುತ್ತದೆ. ಆಮೇಲೆ ಅದನ್ನು ಉಕ್ಕಿನ ಡಬ್ಬಿಗಿಳಿಸಿ ಪಾತಾಳದಲ್ಲಿ ಹೂತರೆ ಲೋಕಕ್ಕೆ ಕ್ಷೇಮ.

ಒಲೆರಾಯನ ಭಟ್ಟಿಗೆ ನಿಜವಾದ ವಿಷ ಬರುತ್ತಿರಲಿಲ್ಲ. ಅದೇ ಗುಣದ, ಆದರೆ ಯಾರಿಗೂ ಏನೂ ಮಾಡದ ಬದಲಿ ಪುಡಿ ಬರುತ್ತಿತ್ತು. ನಾಟಕದ ತಾಲೀಮಿಗೆ ಮರದ ಕತ್ತಿ ಕೊಡುವ ಹಾಗೆ. ಅಚ್ಚಿನಿಂದ ತೆಗೆದ ಹಸಿ ಬಿಲ್ಲೆಯ ಅಂಚಿಗೆ ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಒತ್ತಿ, "ದೇವರೇ, ಇದೊಂದು ಸೀಳದೆ ಬರಲಿ" ಅಂದುಕೊಂಡು ಒಳಗಿಡುವುದು ಅವನ ರೂಢಿ. ದೇವರಿಗೂ ಕೇಳಿ ಕೇಳಿ ಅಭ್ಯಾಸವಾಗಿತ್ತು. ಬಿಲ್ಲೆಗಳು ಒಂದಾದ ಮೇಲೊಂದು ಬಿರುಕು ಬಿಟ್ಟುಕೊಂಡೇ ಹೊರಬರುತ್ತಿದ್ದವು. ಕಡೆಗೆ ಮೊನ್ನೆ ಒಂದೇ ಒಂದು ಬಿಲ್ಲೆ, ಹುಷಾರು ತಪ್ಪಿದವರ ಮುಖ ಹೊತ್ತುಕೊಂಡು, ಇಡಿಯಾಗಿ ಬಂತು. ಅದನ್ನು ನೋಡಿ ಒಪ್ಪಿಕೊಳ್ಳಲು ಮೇಲಿನಿಂದ ಸಮಿತಿ ಬರುವುದೆಂದು ಗೊತ್ತಾಯಿತು.

ಸಾಹೇಬರು ಒಲೆರಾಯನನ್ನು ಕರೆದು ಹೇಳಿದ್ದರು: "ನೋಡಪ್ಪಾ, ಉಗ್ರಾಣದವರು ಈ ತಿಂಗಳು ನಿವೃತ್ತಿ ಆಗ್ತಾರೆ. ಸಮಿತಿ ಬಂದು ಹೋಗೋದು ಸಲೀಸಾಗಿ ಆಗಿಬಿಟ್ಟರೆ ಆ ಕುರ್ಚಿ ನಿನಗೇ."

ಆ ಕುರ್ಚಿಗೆ ಬೆನ್ನಿತ್ತು, ಎರಡು ಕೈಯಿತ್ತು, ಹೂವಿನ ಚಿತ್ರದ ಮೆತ್ತೆಯಿತ್ತು. ಅದರಲ್ಲಿ ಕೂತವರನ್ನು ಮಧ್ಯಾಹ್ನದ ಮೇಲೆ ಯಾರೂ ಮಾತನಾಡಿಸುತ್ತಿರಲಿಲ್ಲ. ಒಲೆರಾಯನಿಗೆ ಇಹದಲ್ಲಿ ಬೇರೆ ಆಸೆ ಉಳಿದಿರಲಿಲ್ಲ. ಅವನು ಸರತಿ ಸಾಲಿನಲ್ಲಿ ನಿಂತೇ ನಿದ್ದೆ ಮಾಡಬಲ್ಲ, ಕ್ಷೌರಿಕನ ಕತ್ತರಿಯ ಕೆಳಗೆ ಗೊರಕೆ ಹೊಡೆಯಬಲ್ಲ. ಎಲ್ಲಿ ಬೇಕಾದರೂ ಬರುವ ಆ ನಿದ್ದೆಯನ್ನು ಭಟ್ಟಿಯ ಮುಂದೆ ಮಾತ್ರ ಅವನು ಹತ್ತಿರ ಸೇರಿಸುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಅಲ್ಲಿ ಕಣ್ಣು ಮುಚ್ಚಿ ಸಾಹೇಬರಿಂದ ಉಗಿಸಿಕೊಂಡಿದ್ದ. ಅಂದು ದೇವರ ಮೇಲೆ ಆಣೆಯಿಟ್ಟವನು, ಇಂದಿಗೂ ತೊಡೆ ಚಿವುಟಿಕೊಳ್ಳುತ್ತ, ಕಣ್ಣಿಗೆ ನೀರು ಎರಚಿಕೊಳ್ಳುತ್ತ ಎಚ್ಚರವಾಗಿದ್ದ.

ಇನ್ನು ಬಿಲ್ಲೆ ಅವನ ಮನೆಗೆ ಬಂದ ಬಗೆ. ಸಮಿತಿ ಬರುವ ಹಿಂದಿನ ಸಂಜೆ, ಅದನ್ನು ಯಾರ ವಶದಲ್ಲಿಡುವುದು ಎಂಬ ಪ್ರಶ್ನೆ ಎದ್ದಿತು. ಹೆಚ್ಚು ಕಡಿಮೆಯಾದರೆ ತಲೆ ಕೊಡಬೇಕಲ್ಲ. ಸಾಹೇಬರು ಅದನ್ನು ಕೆಳಗಿನವರಿಗೆ ಕೊಟ್ಟರು, ಅವರು ಅವರ ಕೆಳಗಿನವರಿಗೆ ಕೊಟ್ಟರು. ಹೀಗೆ ಮೆಟ್ಟಿಲಿಳಿದ ಬಿಲ್ಲೆ, ಕೆಳಗೆ ಇನ್ನು ಯಾರೂ ಇಲ್ಲದ ಒಲೆರಾಯನ ಊಟದ ಚೀಲಕ್ಕೆ ಬಂದು ನಿಂತಿತು.

ಬೆಳಗ್ಗೆ ಮಾಮೂಲಿನಂತೆ ದರ್ಜಿ ಮೇಲೆ ಬಂದ. ಹೊಲಿಯಲು ಕೊಟ್ಟ ಬಟ್ಟೆ ಇನ್ನೂ ಆಗಿಲ್ಲ ಎಂದು ಹೇಳುವುದಕ್ಕೆ ದಿನವೂ ಬರುವುದು ಅವನ ಸಂಪ್ರದಾಯ. ಒಲೆರಾಯ ಬಾಗಿಲ ಬಳಿ ಕೂತು ಬಿಲ್ಲೆಯನ್ನು ಹಳೆಯ ಬನಿಯನ್ನಿನಿಂದ ಒರೆಸುತ್ತಿದ್ದ.

"ಏನ್ರೀ ರಾಯರೇ, ಅದು ಪೇಪರ್ ಹಾರದ ಹಾಗೆ ಇಡೋದಾ?"

"ಲಕ್ಷ ವರ್ಷ ಇರೋ ಮಾಲು ಇದು."

"ಹೌದಾ," ಅಂದ ದರ್ಜಿ. ಹುಬ್ಬು ಎದ್ದಿತು.

"ನೀರಲ್ಲಿ ಕರಗಲ್ಲ, ಬೆಂಕಿಗೆ ಜಗ್ಗಲ್ಲ."

"ಬಿದ್ರೆ?"

"ಬಿದ್ರೆ ನೆಲಕ್ಕೆ ಪೆಟ್ಟು."

ಹುಬ್ಬು ಇಳಿಯಲಿಲ್ಲ. ಇಷ್ಟು ವರ್ಷ ಭಟ್ಟಿಯ ಬಿಸಿಗೂ ಸಾಹೇಬರ ಬೈಗುಳಕ್ಕೂ ಕರಗದ ಒಲೆರಾಯ ಆ ಒಂದು ಹುಬ್ಬಿಗೆ ಸೋತ. ಬಿಲ್ಲೆಯನ್ನು ಮೊಣಕಾಲಿನ ಎತ್ತರಕ್ಕೆ ಹಿಡಿದು, "ನೋಡಿ ಬೇಕಾದ್ರೆ," ಎಂದು ಕೈಬಿಟ್ಟ.

ಟಕ್ ಎಂದಿತು. ಲಕ್ಷ ವರ್ಷ ಅಷ್ಟು ಬೇಗ ಮುಗಿಯುತ್ತದೆಂದು ಯಾರೂ ಎಣಿಸಿರಲಿಲ್ಲ. ಸರಿಪಾಲು ಮಾಡಿಕೊಂಡ ದಾಯಾದಿಗಳ ಹಾಗೆ ಎರಡು ಹೋಳುಗಳು ಆ ಕಡೆ ಈ ಕಡೆ ಮುಖ ತಿರುಗಿಸಿ ಬಿದ್ದಿದ್ದವು.

ದರ್ಜಿ ಹೋಳುಗಳನ್ನು ನೋಡಿದ, ಒಲೆರಾಯನನ್ನು ನೋಡಿದ, ಕುತ್ತಿಗೆಗೆ ಹಾಕಿಕೊಂಡಿದ್ದ ಅಳತೆಪಟ್ಟಿಯ ತುದಿಯಿಂದ ಮೂಗು ಮುಚ್ಚಿಕೊಂಡ. ಆಮೇಲೆ ಮೆಟ್ಟಿಲಿಳಿಯುವ ಸದ್ದು ಮಾತ್ರ ಕೇಳಿಸಿತು. ಅದರ ಹಿಂದೆಯೇ, "ಅಣು ಒಡೀತು, ರಾಯರ ಮನೇಲಿ ಅಣು ಒಡೀತು," ಎಂಬ ಸುದ್ದಿ ಬಾಗಿಲು ಬಾಗಿಲು ತಟ್ಟಿಕೊಂಡು ಹೋಯಿತು.

ಹೆಂಡತಿ ಅಡುಗೆಮನೆಯಿಂದ ಬಂದಳು. "ಏನ್ರೀ ಬಿತ್ತು?"

"ಉಗ್ರಾಣದ ಕುರ್ಚಿ ಬಿತ್ತು ಕಣೇ."

ಅವಳು ಹೋಳುಗಳನ್ನು ನೋಡಿದವಳೇ ಒಳಗೆ ಹೋಗಿ ಚಪ್ಪಲಿ ಅಂಟಿಸುವ ಗೋಂದು ತಂದಳು. "ಹಚ್ಚಿ ಬಿಗಿಯಾಗಿ ಹಿಡ್ಕೊಳ್ಳಿ. ನನ್ನ ಚಪ್ಪಲಿ ಇದರಲ್ಲೇ ನಿಂತಿರೋದು."

ಒಲೆರಾಯ ಹಚ್ಚಿ ಬಿಗಿಯಾಗಿ ಹಿಡಿದುಕೊಂಡ. ಗೋಂದು ಒಳ್ಳೆಯದೇ, ಆದರೆ ಅದಕ್ಕೆ ಪಿಂಗಾಣಿಗಿಂತ ಮನುಷ್ಯನ ಮೇಲೆ ಪ್ರೀತಿ ಹೆಚ್ಚು. ಹೋಳುಗಳು ಬೇರೆಯಾಗೇ ಉಳಿದವು. ಅವನ ಬಲಗೈಯ ಹೆಬ್ಬೆರಳೂ ತೋರುಬೆರಳೂ ತುದಿಗೆ ತುದಿ ಕೂಡಿ, ಜನ್ಮಜನ್ಮಾಂತರದ ಬಂಧುಗಳಂತೆ ಅಪ್ಪಿಕೊಂಡವು.

"ಅಯ್ಯೋ, ಬಿಸಿನೀರಲ್ಲಿ ಅದ್ದಿ," ಅಂದಳು ಹೆಂಡತಿ.

ಬಚ್ಚಲುಮನೆಗೆ ಹೋದ. ಬಿಸಿನೀರಿಗೂ ಬೆರಳುಗಳು ಬಿಡಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಸುಮ್ಮನೆ ಮೂಲೆಯನ್ನು ನೋಡುತ್ತಿದ್ದವನಿಗೆ ಅಲ್ಲಿ ಅತ್ತೆಯ ಕಲ್ಲು ಕಂಡಿತು.

ಅದು ಅತ್ತೆ ಹಿಮ್ಮಡಿ ಉಜ್ಜಿಕೊಳ್ಳುವ ಕಲ್ಲು. ಮನೆಯಲ್ಲಿ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಮುಟ್ಟುವುದಿರಲಿ, ದಿಟ್ಟಿಸಿ ನೋಡಿದರೂ "ಏನದು" ಎಂದು ಅತ್ತೆಯ ದನಿ ಬರುತ್ತಿತ್ತು. ವರ್ಷಗಟ್ಟಲೆಯ ಸೋಪಿನ ಪದರ ಕಟ್ಟಿ ಬೂದುಬಣ್ಣಕ್ಕೆ ತಿರುಗಿದ್ದರೂ ಒಳಗಿನದು ಕಪ್ಪೇ. ದುಂಡಗಿತ್ತು. ಅಂಗೈಯಗಲವಿತ್ತು. ದೇವರು ಒಂದು ಬಾಗಿಲು ಮುಚ್ಚಿ ಬಚ್ಚಲ ಬಾಗಿಲು ತೆರೆದ ಎಂದುಕೊಂಡ ಒಲೆರಾಯ. ಅತ್ತೆ ಒಳಕೋಣೆಯಲ್ಲಿ ಜಪಕ್ಕೆ ಕೂತಿದ್ದರು. ಜಪ ಮುಗಿಯುವವರೆಗೆ ಅವರ ಕಣ್ಣು ತೆರೆಯದು. ಕಲ್ಲನ್ನು ಉಜ್ಜಿ, ಆದಷ್ಟು ಕಪ್ಪಾಗಿಸಿ, ಜೇಬಿಗೆ ಇಳಿಸಿದ. ಅದರ ಜಾಗದಲ್ಲಿ ಎರಡು ಹೋಳುಗಳನ್ನು ಜೋಡಿಸಿಟ್ಟು ಮೆಲ್ಲಗೆ ಹೊರಬಿದ್ದ. ಸಮಿತಿಯವರು ಬಿಲ್ಲೆಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಬಿಸ್ಕತ್ತು ತಿಂದು ಹೋಗುತ್ತಾರೆಂದು ಸಾಹೇಬರೇ ಹೇಳಿದ್ದರು. ಸಂಜೆಗೆ ಕಲ್ಲು ಮತ್ತೆ ಬಚ್ಚಲಿಗೆ ಬಂದರಾಯಿತು.

ಕೆಳಗೆ ಮೆಟ್ಟಿಲಿಗೆ ಅಡ್ಡಲಾಗಿ ಬಟ್ಟೆ ಒಣಹಾಕುವ ಹಗ್ಗ ಕಟ್ಟಿತ್ತು. ಹಗ್ಗದ ಆಚೆ ಇಡೀ ಕಟ್ಟಡ ನೆರೆದಿತ್ತು. ಮೂಗಿಗೆ ಕೆಲವರು ಕರವಸ್ತ್ರ, ಕೆಲವರು ಸೆರಗು, ಒಬ್ಬಾಕೆ ದಿಂಬು ಹಿಡಿದಿದ್ದಳು. ನಡುವೆ ಕಟ್ಟಡದ ಯಜಮಾನಿಕೆ ವಹಿಸಿಕೊಂಡಿದ್ದ ನಿವೃತ್ತ ಬಸ್ ಕಂಡಕ್ಟರು ನಿಂತಿದ್ದರು. ಕೆಲಸ ಬಿಟ್ಟರೂ ಅವರು ಸೀಟಿ ಬಿಟ್ಟಿರಲಿಲ್ಲ. ಒಮ್ಮೆ ಊದಿದರು.

"ಅಲ್ಲೇ ನಿಲ್ಲಿ. ಯಾರೂ ಇಳಿಯೋ ಹಾಗಿಲ್ಲ."

"ಸ್ವಾಮಿ, ಇದರಲ್ಲಿ ವಿಷ ಇಲ್ಲ. ಬರೀ ಬದಲಿ ಪುಡಿ. ನಿಜವಾದ್ದನ್ನ ದಪ್ಪ ಗೋಡೆ ಹಿಂದೆ ಯಂತ್ರದ ಕೈಯಲ್ಲಿ ಮಾಡ್ತಾರೆ, ಬೇರೆ ಕಡೆ."

"ಎಲ್ಲಾರೂ ಹಾಗೇ ಹೇಳೋದು. ಟಿಕೆಟ್ ತಗೊಂಡಿದೀನಿ ಅಂತ ಹೇಳಿದವರನ್ನ ಎಷ್ಟು ಜನ ನೋಡಿಲ್ಲ ನಾನು."

"ನಾನೇ ಕಣ್ಣಾರೆ ಕಂಡೆ," ಅಂದ ದರ್ಜಿ ಅಳತೆಪಟ್ಟಿಯ ಹಿಂದಿನಿಂದ. "ಎರಡು ಹೋಳು. ಒಳಗಿಂದ ಏನೋ ಹೊಗೆ ಥರ ಬಂತು."

ಒಲೆರಾಯ ಜೇಬಿನಿಂದ ಕಲ್ಲನ್ನು ತೆಗೆದು ತೋರಿಸಿದ. ಇಡಿಯಾಗಿತ್ತು. ದರ್ಜಿಯ ಎರಡು ಹುಬ್ಬುಗಳೂ ಎದ್ದವು.

"ಕೂಡ್ಕೊಂಡುಬಿಟ್ಟಿದೆ," ಅಂದ ಪಿಸುದನಿಯಲ್ಲಿ.

"ಲಕ್ಷ ವರ್ಷದ ಮಾಲು ಅಂದ್ನಲ್ಲ," ಅಂದ ಒಲೆರಾಯ.

ಜನ ಇನ್ನೊಂದು ಹೆಜ್ಜೆ ಹಿಂದೆ ಸರಿದರು. ಒಡೆದದ್ದು ಕೂಡಿಕೊಳ್ಳುವುದು ಒಡೆಯುವುದಕ್ಕಿಂತ ಭಯಂಕರವಾಗಿ ಕಂಡಿತು.

"ವಿಷ ಇಲ್ಲ ತಾನೇ?" ಅಂದರು ಕಂಡಕ್ಟರು. "ಹಾಗಾದ್ರೆ ನೆಕ್ಕಿ ತೋರಿಸಿ."

ಒಲೆರಾಯ ಕೈಯಲ್ಲಿದ್ದುದನ್ನು ನೋಡಿದ. ಅತ್ತೆಯ ಎರಡು ಹಿಮ್ಮಡಿಗಳೂ ಕಣ್ಣ ಮುಂದೆ ಸುಳಿದವು. ಆಮೇಲೆ ಹೂವಿನ ಚಿತ್ರದ ಮೆತ್ತೆ ಸುಳಿಯಿತು. ಕಣ್ಣು ಮುಚ್ಚಿ, ಮನಸ್ಸಿನಲ್ಲೇ ದೇವರನ್ನು ನೆನೆದು, ಉದ್ದಕ್ಕೆ ಒಮ್ಮೆ ನೆಕ್ಕಿದ. ಸೋಪಿನ ರುಚಿಯಿತ್ತು. ಅಷ್ಟೇ ಇದ್ದಿದ್ದರೆ ಒಳ್ಳೆಯದಿತ್ತು.

ಕಂಡಕ್ಟರು ಹಗ್ಗ ಬಿಚ್ಚಿದರು. ಒಲೆರಾಯ ಇಳಿಯುತ್ತಿದ್ದಂತೆ ದಿಂಬಿನಾಕೆ ಹೇಳಿದಳು: "ದೂರ ಸರೀರಪ್ಪಾ, ಅವರು ಅದನ್ನ ನೆಕ್ಕಿದಾರೆ."

ಸುದ್ದಿ ಅವನಿಗಿಂತ ಮುಂಚೆ ಬಸ್ಸು ಹತ್ತಿತ್ತು. ಎಂದೂ ನಿಲ್ಲಲೂ ಜಾಗ ಸಿಗದ ಆ ಬಸ್ಸಿನಲ್ಲಿ ಅವನಿಗೆ ಹಿಂದಿನ ಉದ್ದನೆಯ ಸೀಟು ಪೂರ್ತಿ ಸಿಕ್ಕಿತು. ಕಿಟಕಿಗೆ ತಲೆ ತಾಗಿಸಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಬಸ್ಸು ಕೊನೆಯ ನಿಲ್ದಾಣದಲ್ಲಿ ಖಾಲಿ ನಿಂತಿತ್ತು. ಎಬ್ಬಿಸುವುದಕ್ಕೆ ಯಾರೂ ಹತ್ತಿರ ಬಂದಿರಲಿಲ್ಲ.

ಬಂದ ದಾರಿಯಲ್ಲೇ ಓಡಿ, ಬೆವರಿನ ಮುದ್ದೆಯಾಗಿ ಸಂಶೋಧನಾಲಯ ಮುಟ್ಟಿದಾಗ ಗೇಟಿನಲ್ಲಿ ಉಗ್ರಾಣದವರು ಕಾಯುತ್ತಿದ್ದರು. "ಎಲ್ಲಿ ಹಾಳಾಗಿ ಹೋಗಿದ್ದೆ ಮಾರಾಯ? ಸಮಿತಿ ಬಂದು ಎರಡು ಸಲ ಕಾಫಿ ಕುಡೀತು. ಸಾಹೇಬರ ಮುಖದಲ್ಲಿ ರಕ್ತ ಇಲ್ಲ. ಹೋಗು ಹೋಗು, ನಾನು ಕುರ್ಚಿ ಒರೆಸಿಟ್ಟಿದೀನಿ."

ಸಮಿತಿಯ ಅಧ್ಯಕ್ಷೆ ವಯಸ್ಸಾದ, ಸಣ್ಣ ಮೈಯ ಹೆಂಗಸು. ಇಂಥ ಸಂಸ್ಥೆಗಳನ್ನು ನೋಡಿ ನೋಡಿ ಬೇಸತ್ತ ಕಣ್ಣು. ಸಾಹೇಬರು ಬಿಲ್ಲೆಯನ್ನು ರೇಷ್ಮೆ ಬಟ್ಟೆಯ ಮೇಲಿಟ್ಟು ಅವರ ಮುಂದೆ ಚಾಚಿದರು. ಆಕೆ ಅದನ್ನು ಮುಟ್ಟಲೂ ಇಲ್ಲ.

"ನೋಡೋಕೆ ಚೆನ್ನಾಗೇ ಇರುತ್ತೆ ಎಲ್ಲಾ. ಸುತ್ತಿಗೆ ಇದೆಯಾ?"

ಸಾಹೇಬರು ನಕ್ಕರು. ಆಕೆ ನಗಲಿಲ್ಲ. ಬಿಲ್ಲೆಗಳು ಎಂಥವೆಂದು ಒಳಗೊಳಗೇ ಬಲ್ಲ ಸಾಹೇಬರು ರೇಷ್ಮೆ ಬಟ್ಟೆಯ ಅಂಚನ್ನು ಮತ್ತೊಮ್ಮೆ ನೇರ ಮಾಡಿದರು. ಒಲೆರಾಯ ಲೆಕ್ಕ ಹಾಕಿದ: ಅತ್ತೆಯ ಕಲ್ಲು ಪುಡಿಯಾದರೆ ಕುರ್ಚಿಯೂ ಹೋಯಿತು, ಮನೆಗೆ ಹೋಗುವ ದಾರಿಯೂ ಮುಚ್ಚಿತು.

ಸುತ್ತಿಗೆ ಬಂತು. ಅಧ್ಯಕ್ಷೆಯ ಜೊತೆಗೆ ಬಂದಿದ್ದ ಡ್ರೈವರು ಅಂಗಿಯ ತೋಳು ಮಡಿಸಿ ಬಾರಿಸಿದ. ಸುತ್ತಿಗೆ ಚಿಮ್ಮಿ ಹಿಂದಕ್ಕೆ ಬಂತು, ಡ್ರೈವರೂ ಅದರ ಜೊತೆ ಬಂದ. ಬಿಲ್ಲೆ ಏನೂ ಆಗಿಲ್ಲವೆಂಬಂತೆ ಬಿದ್ದಿತ್ತು. ಮಹಡಿಯಿಂದ ಎಸೆಯಿಸಿದರು, ಅಂಗಳದ ಒಂದು ಹಾಸುಗಲ್ಲು ಬಿರಿಯಿತು. ಆಮೇಲೆ ಅದನ್ನು ಆಮ್ಲ ಬೆರೆಸಿದ ನೀರಿಗೆ ಹಾಕಿ ಕುದಿಸಿದರು.

ನೀರು ಕಾಯುತ್ತಿದ್ದಂತೆ ಬೂದುಬಣ್ಣದ ನೊರೆ ಎದ್ದಿತು.

"ಅದೇನು ನೊರೆ?" ಅಂದರು ಅಧ್ಯಕ್ಷೆ. "ಒಳಗಿಂದ ಏನಾದ್ರೂ ಬಿಟ್ಕೊಳ್ತಾ ಇದೆಯಾ?"

ಸಾಹೇಬರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಆದರೂ ಸೋಪಿನ ವಿಷಯ ಗೊತ್ತಿರಲಿಲ್ಲ. "ಮೇಲ್ಮೈಯಲ್ಲಿ ಒಂದು ಬಗೆಯ ಚಟುವಟಿಕೆ ನಡೀತಿದೆ ಮೇಡಂ," ಅಂದರು. ಕೋಣೆಯಲ್ಲಿ ಸ್ನಾನದ ಮನೆಯ ಪರಿಮಳ ಹರಡಿತು.

ನೊರೆ ಇಳಿಯಿತು. ಬಿಲ್ಲೆಯನ್ನು ತೆಗೆದು, ಒಣಗಿಸಿ, ತೂಗಿ, ಮತ್ತೆ ತಿಳಿನೀರಲ್ಲಿ ಕುದಿಸಿ ತೂಗಿದರು. ಕೂದಲಷ್ಟೂ ತೂಕ ಕಳೆದುಕೊಂಡಿರಲಿಲ್ಲ. ನೀರಿಗೂ ಏನನ್ನೂ ಬಿಟ್ಟಿರಲಿಲ್ಲ. ಎಷ್ಟೋ ವರ್ಷಗಳ ಕೊಳೆ ಕಳೆದು, ಮಳೆ ನಿಂತ ರಾತ್ರಿಯ ಆಕಾಶದಂತೆ ಕಪ್ಪಗೆ ಹೊಳೆಯುತ್ತಿತ್ತು. ಅಧ್ಯಕ್ಷೆ ಮೊದಲ ಸಲ ಅದನ್ನು ಕೈಗೆತ್ತಿಕೊಂಡರು.

"ಅಂಚಲ್ಲಿ ಇದೇನು, ಚಂದ್ರನ ಹಾಗೆ?"

"ನಮ್ಮ ಸಂಸ್ಥೆಯ ಮುದ್ರೆ ಮೇಡಂ."

ಒಲೆರಾಯ ಕತ್ತು ಚಾಚಿ ನೋಡಿದ. ಅದು ಉಗುರಿನ ಗುರುತು. ಅವನದೇ ಹೆಬ್ಬೆರಳಿನ ಉಗುರು. ಅತ್ತೆಯ ಹಿಮ್ಮಡಿ ಕಲ್ಲು ಅವನೇ ಕೈಯಾರೆ ಬೇಯಿಸಿದ ಬಿಲ್ಲೆ.

"ಯಾರು ಮಾಡಿದ್ದು ಇದನ್ನ?"

"ನಮ್ಮ ಸಂಸ್ಥೆ ಒಟ್ಟಾಗಿ..." ಎಂದು ಶುರುಮಾಡಿದ ಸಾಹೇಬರು ಆಕೆಯ ಕಣ್ಣು ನೋಡಿ ಮೆತ್ತಗಾದರು. "ಇವನೇ ಮೇಡಂ. ನಮ್ಮ ಭಟ್ಟಿಯವನು."

ಅಧ್ಯಕ್ಷೆ ತಿರುಗಿದರು. ಬೆವರಿಳಿಯುವ ಮುಖ, ಅರೆಮುಚ್ಚಿದ ಕಣ್ಣು, ಬಲಗೈಯಲ್ಲಿ ಹೆಬ್ಬೆರಳೂ ತೋರುಬೆರಳೂ ಕೂಡಿದ ಅಚ್ಚುಕಟ್ಟಾದ ಚಿನ್ಮುದ್ರೆ. ಆಕೆಯ ದನಿ ತಗ್ಗಿತು. "ಇಂಥ ಏಕಾಗ್ರತೆ ಇರೋ ಮನುಷ್ಯರನ್ನ ನಾನು ನೋಡೇ ಇರಲಿಲ್ಲ. ಇವರನ್ನ ಭಟ್ಟಿಯಿಂದ ಕದಲಿಸಬಾರದು. ತಿಳೀತಾ? ಇದೇ ಥರದ ನೂರು ಬಿಲ್ಲೆ ಆಗೋವರೆಗೆ ಇವರು ಬೇರೆ ಯಾವ ಕೆಲಸಕ್ಕೂ ಹೋಗಬಾರದು. ಇವತ್ತೇ ಶುರುವಾಗಲಿ. ಇದನ್ನ ನಾನು ತಗೊಂಡು ಹೋಗ್ತೀನಿ."

ಹೀಗೆ ಅತ್ತೆಯ ಕಲ್ಲು ಕಾರಿನಲ್ಲಿ ಕೂತು ಹೊರಟುಹೋಯಿತು. ಉಗ್ರಾಣದವರು ಮೆತ್ತೆಯನ್ನು ಬಗಲಲ್ಲಿಟ್ಟುಕೊಂಡು ಬಂದು ಒಲೆರಾಯನಿಗೆ ಕೊಟ್ಟರು. "ಕುರ್ಚಿ ಅಂತೂ ಹೋಯ್ತು. ಇದನ್ನಾದ್ರೂ ಇಟ್ಕೋ. ಸ್ಟೂಲಿನ ಮೇಲೆ ಹಾಕ್ಕೊಂಡ್ರೆ ಅಷ್ಟು ಚುಚ್ಚಲ್ಲ."

ಒಲೆರಾಯನಿಗೆ ಮೆತ್ತೆಯ ಯೋಚನೆಯಿರಲಿಲ್ಲ. ನೂರು ಬೇಯಿಸಬೇಕಲ್ಲ, ಯಾವ ಸಲ ಬೇಯಿಸಿದ್ದು ಅದು? ಏನು ಮಾಡಿದ್ದಕ್ಕೆ ಅಷ್ಟು ಗಟ್ಟಿಯಾಯಿತು? ಗೊತ್ತಿರುವುದು ಒಬ್ಬರಿಗೇ. ಸಾಹೇಬರಿಗೆ ಏನೋ ನೆಪ ಹೇಳಿ ಮನೆಗೆ ಓಡಿದ.

ಮೆಟ್ಟಿಲಲ್ಲಿ ಜನ ಗೋಡೆಗೆ ಅಂಟಿ ದಾರಿ ಬಿಟ್ಟರು. ಅತ್ತೆ ಬಚ್ಚಲ ಹೊಸ್ತಿಲಲ್ಲಿ ಕೂತು ಒಂದು ಹೋಳಿನಿಂದ ಹಿಮ್ಮಡಿ ಉಜ್ಜುತ್ತಿದ್ದರು. ಕಾಲ ಕೆಳಗೆ ಕಪ್ಪು ಪುಡಿ ಉದುರಿತ್ತು.

"ಬನ್ನಿ ಅಳಿಯಂದಿರೇ. ನನ್ನ ಕಲ್ಲೆಲ್ಲಿ?"

"ಅತ್ತೆ, ಅದು ನಿಮಗೆ ಎಲ್ಲಿ ಸಿಕ್ತು, ಮೊದಲು ಹೇಳಿ."

"ಕಲ್ಲೆಲ್ಲಿ ಅಂದೆ. ಇದು ಯಾವನು ಮಾಡಿದ್ದೋ, ನಾಲ್ಕು ಸಲ ಉಜ್ಜಿದ್ರೆ ಉದುರತ್ತೆ. ಅದರ ಥರ ಅಲ್ಲ."

"ಅದೂ ನಾನೇ ಮಾಡಿದ್ದು ಅತ್ತೆ. ಯಾವತ್ತು ಅಂತ ನೆನಪಾಗ್ತಿಲ್ಲ."

ಅತ್ತೆ ಉಜ್ಜುವುದನ್ನು ನಿಲ್ಲಿಸಿದರು. "ನಿಮಗೆಲ್ಲಿ ನೆನಪಿರತ್ತೆ. ಮಗು ಹುಟ್ಟಿದ ಹೊಸದು. ಹಗಲೂ ರಾತ್ರಿ ಅಳೋದು. ಬಾಣಂತಿ ಮಲಗಲಿ ಅಂತ ನೀವೇ ಎತ್ಕೊಂಡು ಓಡಾಡ್ತಿದ್ರಿ. ಆಮೇಲೆ ಒಂದು ದಿನ ಕೆಲಸದಿಂದ ಕಣ್ಣು ಊದಿಸ್ಕೊಂಡು ಬಂದ್ರಿ. ಭಟ್ಟಿ ಮುಂದೆ ನಿದ್ದೆ ಹೋಗ್ಬಿಟ್ಟೆ ಅತ್ತೆ, ಎದ್ದಾಗ ಅನಿಲ ಖಾಲಿಯಾಗಿ ಭಟ್ಟಿ ತಾನಾಗೇ ತಣ್ಣಗಾಗಿತ್ತು, ಸಾಹೇಬ್ರು ಬಾಯಿಗೆ ಬಂದ ಹಾಗೆ ಬೈದ್ರು ಅಂತ ಈ ಹೊಸ್ತಿಲಲ್ಲೇ ಕೂತು ಅತ್ತಿರಿ. ಇದು ಕೆಟ್ಟುಹೋಯ್ತು, ಎಸೀಬೇಕಂತೆ ಅಂತ ಚೀಲದಿಂದ ತೆಗೆದು ಬಿಸಾಕಿದ್ರಿ. ನಾನು ಎತ್ತಿಟ್ಕೊಂಡೆ."

ಒಲೆರಾಯ ಅದೇ ಹೊಸ್ತಿಲಲ್ಲಿ ಅತ್ತೆಯ ಪಕ್ಕ ಕುಸಿದು ಕೂತ. ಎಲ್ಲ ಸಾಲು ಸಾಲಾಗಿ ತಿಳಿಯಿತು. ತಾನು ಎದ್ದಿದ್ದು, ನಿಯಮದ ಪ್ರಕಾರ ತಿರುಪು ತಿರುಗಿಸಿ, ಕೆಂಪು ಮಾಸುತ್ತಲೇ ಬಾಗಿಲು ತೆರೆದು, ಸಾಹೇಬರಿಗೆ ಅವಸರವೆಂದು ತಾನೂ ಅವಸರಪಟ್ಟು, ಬಿಸಿ ಬಿಲ್ಲೆಗಳನ್ನು ತಣ್ಣನೆಯ ಗಾಳಿಗೆ ಒಡ್ಡಿದ ಸಲವೆಲ್ಲ ಅವು ಸೀಳಿದವು. ತಾನು ಸತ್ತಂತೆ ಮಲಗಿದ್ದ ಒಂದು ಸಲ ಮಾತ್ರ ಬೆಂಕಿ ತನ್ನಷ್ಟಕ್ಕೆ ನಂದಿ, ಭಟ್ಟಿ ತನ್ನಷ್ಟಕ್ಕೆ ಆರಿ, ಬಿಲ್ಲೆ ನೆಮ್ಮದಿಯಾಗಿ ಕಲ್ಲಾಯಿತು. ಆಣೆಯಿಟ್ಟು, ತೊಡೆ ಚಿವುಟಿಕೊಂಡು ಕಾದ ಅಷ್ಟೂ ವರ್ಷಗಳ ನಿದ್ದೆ ಸುಮ್ಮನೆ ಹೋಗಿತ್ತು.

"ಕಲ್ಲೆಲ್ಲಿ?" ಅಂದರು ಅತ್ತೆ.

"ಹೊಸದು ತಂದುಕೊಡ್ತೀನಿ ಅತ್ತೆ. ನೂರು ಮಾಡ್ತಿದೀನಿ."

ಮತ್ತೆ ಸಂಶೋಧನಾಲಯಕ್ಕೆ ಓಡಿ, ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದ. ಹುಬ್ಬಿನಿಂದ ಹಿಡಿದು ಹಿಮ್ಮಡಿಯವರೆಗೆ. ಸಾಹೇಬರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

"ಹಿಮ್ಮಡಿ ವಿಷಯ ನಮ್ಮಿಬ್ಬರಲ್ಲೇ ಇರಲಿ," ಅಂದರು. "ಆವತ್ತು ಬೆಂಕಿ ಎಷ್ಟು ಹೊತ್ತು ಇತ್ತು?"

"ನಿದ್ದೆಯಲ್ಲಿದ್ದೆ ಸಾರ್."

"ಅನಿಲ ಯಾವಾಗ ಮುಗೀತು?"

"ನಿದ್ದೆಯಲ್ಲಿದ್ದೆ ಸಾರ್."

"ಹಾಗಾದ್ರೆ ಸುಮ್ಮನೆ ಆರಿಸಿ ಮನೆಗೆ ಹೋದ್ರೆ ಆಗಲ್ಲ. ಏನು ನಡೀತು ಅಂತ ಗೊತ್ತಿಲ್ಲದಿದ್ದಾಗ, ನಡೆದದ್ದನ್ನ ನಡೆದ ಹಾಗೇ ಮತ್ತೆ ನಡೆಸಬೇಕು. ಅದೇ ವಿಜ್ಞಾನ. ನೀನು ಭಟ್ಟಿ ಮುಂದೆ ನಿದ್ದೆ ಮಾಡ್ಬೇಕು. ನಾಟಕದ ನಿದ್ದೆ ಅಲ್ಲ, ಆವತ್ತಿನ ಥರದ್ದೇ."

ಒಲೆರಾಯನ ಕಣ್ಣಲ್ಲಿ ನೀರು ಬಂತು. ದೇವರಿಗೆ ಇಷ್ಟೊಂದು ಕರುಣೆಯಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಕುರ್ಚಿ ಯಾಕೆ ಬೇಕು, ಉಗ್ರಾಣ ಯಾಕೆ ಬೇಕು? ಸಂಬಳ ಕೊಟ್ಟು ಮಲಗು ಅನ್ನುತ್ತಿದ್ದಾರೆ.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲ ಸಿದ್ಧವಾಯಿತು. ಹಸಿ ಬಿಲ್ಲೆಗಳಿಗೆ ಉಗುರೊತ್ತಿ ಭಟ್ಟಿಯೊಳಗಿಟ್ಟ. ಬಲಗೈ ಇನ್ನೂ ಚಿನ್ಮುದ್ರೆಯಲ್ಲೇ ಇದ್ದುದರಿಂದ ಎಡಗೈಯಲ್ಲಿ ಒತ್ತಿದ. ಬೆಂಕಿ ಏರಿತು. ಭಟ್ಟಿಮನೆಯ ಬಾಗಿಲಿಗೆ ಸಾಹೇಬರು "ನಿದ್ದೆ ನಡೆಯುತ್ತಿದೆ, ಸದ್ದು ಮಾಡಬಾರದು" ಎಂದು ಬರೆಸಿ ಅಂಟಿಸಿದರು. ನಿದ್ದೆ ನಿಜವೋ ಅಲ್ಲವೋ ನೋಡಿಕೊಳ್ಳಲು ಉಗ್ರಾಣದವರನ್ನು ಕಿಟಕಿಯ ಬಳಿ ಕೂರಿಸಿ, ತಾವೂ ಬಾಗಿಲಾಚೆ ಒಂದು ಕುರ್ಚಿ ಹಾಕಿಕೊಂಡರು. ಅಧ್ಯಕ್ಷೆ ದಾರಿಯಿಂದಲೇ ಫೋನು ಮಾಡಿ, ಶುರುವಾಯಿತೇ ಎಂದು ವಿಚಾರಿಸಿದರು.

ಒಲೆರಾಯ ನೆಲದ ಮೇಲೆ ಉದ್ದಕ್ಕೆ ಮಲಗಿ, ಹೂವಿನ ಮೆತ್ತೆಗೆ ತಲೆ ಕೊಟ್ಟು, ಕಣ್ಣು ಮುಚ್ಚಿದ. ಭಟ್ಟಿ ಹಿತವಾಗಿ ಗುನುಗುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಬಾಗಿಲ ಸಂದಿಯಿಂದ ಸಾಹೇಬರ ಪಿಸುದನಿ ಬಂತು. "ಬಂತೇನಪ್ಪಾ?"

"ಇಲ್ಲ ಸಾರ್."

ಮಗ್ಗುಲು ಬದಲಾಯಿಸಿದ. ಕುರಿಗಳನ್ನು ಎಣಿಸಿದ. ಸೀಳಿದ ಬಿಲ್ಲೆಗಳನ್ನು ಎಣಿಸಿದ, ಅವೇ ಹೆಚ್ಚಿದ್ದವು. ದೇವರ ನಾಮ ಹೇಳಿಕೊಂಡ. ರೆಪ್ಪೆ ಮುಚ್ಚಿದರೆ ಒಳಗಿನಿಂದ ಯಾರೋ ತೊಡೆ ಚಿವುಟಿದಂತಾಗುತ್ತಿತ್ತು.

"ಈಗ?"

"ಇಲ್ಲ ಸಾರ್."

"ಪ್ರಯತ್ನ ಮಾಡಪ್ಪಾ. ಲೋಕದ ಪ್ರಶ್ನೆ."

ಹಾಗೆಂದ ಮೇಲೆ ಬರುವುದಿದ್ದರೂ ಯಾವ ನಿದ್ದೆ ಬರುತ್ತದೆ? ಕ್ಷೌರಿಕನಲ್ಲಿ ಬಂದದ್ದು, ಸರತಿಯಲ್ಲಿ ಬಂದದ್ದು, ಬೆಳಗ್ಗೆ ತಾನೇ ಬಸ್ಸಿನಲ್ಲಿ ಬೇಡವೆಂದರೂ ಬಂದದ್ದು, ಈಗ ನೌಕರಿಯೇ ಅದಾದಾಗ ಬಾಗಿಲವರೆಗೆ ಬಂದು, ಅಲ್ಲಿ ಅಂಟಿಸಿದ್ದನ್ನು ಓದಿ, ಹಿಂದಿರುಗಿ ಹೋದಂತಿತ್ತು.

ಕತ್ತಲು ಕವಿಯಿತು. ಸಾಹೇಬರ ಪಿಸುದನಿ ಬಹಳ ಹೊತ್ತು ಬರಲಿಲ್ಲ. ಬದಲು ಬಾಗಿಲಾಚೆಯಿಂದ ಒಂದು ಗೊರಕೆ ಬಂತು. ಕಿಟಕಿಯ ಕಡೆಯಿಂದ ಉಗ್ರಾಣದವರದು ಅದಕ್ಕೆ ಶ್ರುತಿ ಹಿಡಿಯಿತು.

ಒಲೆರಾಯ ಮೆಲ್ಲಗೆ ಎದ್ದ. ಮೆತ್ತೆಯನ್ನು ಸ್ಟೂಲಿನ ಮೇಲಿಟ್ಟು ಕೂತ. ಕಿಂಡಿಯಲ್ಲಿ ಕೆಂಪು ಉರಿಯುತ್ತಿತ್ತು. ಇಡೀ ಸಂಶೋಧನಾಲಯದಲ್ಲಿ ಎಚ್ಚರವಾಗಿದ್ದವನು, ಎಂದಿನಂತೆ, ಅವನೊಬ್ಬನೇ.